ಸ್ವೀಡಿಷ್ ಕಲಿಯೋಕೆ ಕನ್ನಡದ ನಾಲಿಗೆ ಸಾಕಾ?

ಮಂಚಿಕೇರಿಯಿಂದ ಮಾತಾಡ್ತಾ ಇದೀನಿ. ಇವತ್ತಿನ ವಿಷಯ ಸ್ವೀಡಿಷ್.

ಓದೋಕೆ, ಕೆಲಸಕ್ಕೆ, ಇಲ್ಲ ಗಂಡ-ಹೆಂಡತಿ ಜೊತೆಗೆ ಅಂತ ಸ್ವೀಡನ್‌ಗೆ ಹೊರಟವರಿಗೆ ಎಲ್ಲರೂ ಹೇಳೋ ಮಾತು ಒಂದೇ: 'ಅಲ್ಲಿ ಇಂಗ್ಲಿಷ್ ಸಾಕು'. ಐಟಿ ಆಫೀಸಿನ ಮೀಟಿಂಗಿಗೆ ಸಾಕು, ನಿಜ. ಆದ್ರೆ ಮಗುವಿನ ಡೇ ಕೇರ್‌ನಿಂದ ಬಂದ ಪತ್ರ ಓದೋಕೆ, ಅಂಗಡಿಯಲ್ಲಿ ಕೆಲಸ ಹಿಡಿಯೋಕೆ, ಪಕ್ಕದ ಮನೆ ಅಜ್ಜಿ ಜೊತೆ ನಾಲ್ಕು ಮಾತಾಡೋಕೆ ಸ್ವೀಡಿಷ್ ಬೇಕೇ ಬೇಕು. ಇಲ್ಲಾಂದ್ರೆ ಜೊತೆಗೆ ಹೋದವರು ನಾಲ್ಕು ಗೋಡೆ ಮಧ್ಯೆ ಮೂಕರಾಗಿ ಕೂರ್ತಾರೆ.

ಮೊದಲು ಉಚ್ಚಾರ. ಕನ್ನಡ ಮೀಡಿಯಂನಲ್ಲಿ ಓದಿದವರ ಇಂಗ್ಲಿಷ್ ಕೇಳಿ, 'ಟ, ಡ ತುಂಬಾ ಗಟ್ಟಿ' ಅಂತ ನಗೋರಿದ್ದಾರೆ. ಸ್ವೀಡಿಷ್‌ನಲ್ಲಿ ಆ ಗಟ್ಟಿ ಟ, ಡ ನಿಜವಾಗ್ಲೂ ಇವೆ! ಸ್ಪೆಲ್ಲಿಂಗ್‌ನಲ್ಲಿ ಟಿ ಒಂದೇ ಇದ್ರೆ ನಮ್ಮ 'ತ', ಅದರ ಹಿಂದೆ ಆರ್ ಬಂದ್ರೆ ಎರಡೂ ಸೇರಿ 'ಟ'. ಹಾಗೇ ಆರ್-ಡಿ 'ಡ', ಆರ್-ಎನ್ 'ಣ'. 'ಫಾತ್' ಅಂದ್ರೆ ತಟ್ಟೆ, 'ಫಾಟ್' ಅಂದ್ರೆ ವೇಗ. ಮಗುವಿಗೆ 'ಬಾಣ್', ಮೇಜಿಗೆ 'ಬೂಡ್'. 'ನಿನ್ನ ಹತ್ರ ಇದೆಯಾ' ಅನ್ನೋದನ್ನ ಒಂದೇ ಉಸಿರಲ್ಲಿ ಹೇಳಿದ್ರೆ ಹೆಚ್ಚುಕಮ್ಮಿ ನಮ್ಮ 'ಹಾಡು'! ದಕ್ಷಿಣದ ಸ್ಕೋನೆ ಕಡೆ ಮಾತ್ರ ಹೀಗಲ್ಲ, ಅಲ್ಲಿ ಆರ್ ಗಂಟಲಿಂದ ಬರುತ್ತೆ.

ಅದಕ್ಕೇ ನನ್ನ ಸಲಹೆ: ನೋಟ್ಸ್‌ನಲ್ಲಿ ಉಚ್ಚಾರವನ್ನ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ತ-ಟ ವ್ಯತ್ಯಾಸ ಇಂಗ್ಲಿಷ್ ಅಕ್ಷರದಲ್ಲಿ ಕಾಣಲ್ಲ, ಕನ್ನಡದಲ್ಲಿ ಕಾಣುತ್ತೆ.

ಹ್ರಸ್ವ-ದೀರ್ಘವೂ ನಮಗೆ ಗೊತ್ತಿರೋದೇ. ನಮಗೆ ಬಲ-ಬಾಲ ಬೇರೆ ಇದ್ದ ಹಾಗೆ ಅವರಿಗೆ 'ತಕ್' ಅಂದ್ರೆ ಧನ್ಯವಾದ, 'ತಾಕ್' ಅಂದ್ರೆ ಛಾವಣಿ. ಒತ್ತಿ ಹೇಳೋ ಸ್ವರದ ನಂತರ ಒಂದೇ ವ್ಯಂಜನ ಇದ್ರೆ ಹೆಚ್ಚಾಗಿ ದೀರ್ಘ, ಜೋಡಿ ಇದ್ರೆ ಹ್ರಸ್ವ.

ಕಷ್ಟದ್ದೂ ಇದೆ. ವೈ ಅಕ್ಷರಕ್ಕೆ ತುಟಿಯನ್ನ 'ಊ' ಥರ ಮಾಡಿ, ಒಳಗೆ 'ಈ' ಅನ್ನಿ. ಏಳು ಸಂಖ್ಯೆಯ ಮೊದಲ ಸದ್ದು ಬಿಸಿ ಚಹಾ ಊದಿದ ಹಾಗಿರುತ್ತೆ. ಅದಕ್ಕೆ ನಮ್ಮಲ್ಲಿ ಅಕ್ಷರವೇ ಇಲ್ಲ, ಕೇಳಿ ಕೇಳಿಯೇ ಕಲಿಬೇಕು.

ಈಗ ವ್ಯಾಕರಣ. ನಾವು 'ಮನೆಯನ್ನು, ಮನೆಗೆ' ಅಂತ ಬಾಲ ಅಂಟಿಸ್ತೀವಲ್ಲ? ಇಂಗ್ಲಿಷ್ 'ದ' ಮಾಡೋ ಕೆಲಸಕ್ಕೆ ಅವರೂ ಬಾಲ ಅಂಟಿಸ್ತಾರೆ. 'ಬೂಕ್' ಅಂದ್ರೆ ಪುಸ್ತಕ, 'ಬೂಕೆನ್' ಅಂದ್ರೆ ಆ ಗೊತ್ತಿರೋ ಪುಸ್ತಕ. ಮನೆಗೆ 'ಹೂಸ್'. ನಕ್ಕು ಮುಗೀತಾ? ಸರಿ, ಆ ಮನೆ ಅಂದ್ರೆ 'ಹೂಸೆತ್'. ಯಾವುದಕ್ಕೆ 'ಎನ್', ಯಾವುದಕ್ಕೆ 'ಎತ್' ಅನ್ನೋದನ್ನ ಪದದ ಜೊತೆಗೇ ಬಾಯಿಪಾಠ ಮಾಡಿ. ಹೆಚ್ಚಿನವು 'ಎನ್'.

ಕ್ರಿಯಾಪದ ಸುಲಭ. ನಮ್ಮ ಓದ್ತೀನಿ, ಓದ್ತೀಯ, ಓದ್ತಾರೆ ಎಲ್ಲದಕ್ಕೂ ಒಂದೇ 'ಲೇಸೆರ್'. ಆದ್ರೆ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಅಲ್ಲಿ ಸಾಧಾರಣ ವಾಕ್ಯದಲ್ಲಿ ಎರಡನೇ ಸ್ಥಾನದಲ್ಲೇ. 'ನಾನು ಓದ್ತೀನಿ' ಅಂದ್ರೆ 'ಯಾ ಲೇಸೆರ್'. 'ಇವತ್ತು' ಮುಂದೆ ಬಂದ್ರೆ 'ಇದಾಗ್ ಲೇಸೆರ್ ಯಾ'. 'ನಾನು' ಹಿಂದೆ ಸರೀಬೇಕು.

ಇನ್ನೊಂದು, 'ನೀವು' ಮರೆತುಬಿಡಿ. 1960ರ ದಶಕದ ಕೊನೆಯಿಂದ ಅಲ್ಲಿ ಬಾಸ್‌ಗೂ ಪ್ರೊಫೆಸರ್‌ಗೂ 'ದೂ', ಅಂದ್ರೆ 'ನೀನು'. ಹಿರಿಯರಿಗೆ ಹಾಗನ್ನೋಕೆ ನಮ್ಮ ಬಾಯಿ ತಡೆಯುತ್ತೆ, ಆದ್ರೆ ಅಲ್ಲಿ ಅದು ಅಗೌರವ ಅಲ್ಲ.

ಅಲ್ಲಿ ನೆಲೆಸಿ ನೋಂದಣಿ ಆದ ಮೇಲೆ ವಯಸ್ಕರಿಗೆ ಎಸ್‌ಎಫ್‌ಐ ಅನ್ನೋ ಉಚಿತ ಭಾಷಾ ತರಗತಿ ಇದೆ. ಅಲ್ಲೀವರೆಗೆ ಕಾಯಬೇಡಿ. 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯಾ ತೆರೆದಿದೆ. ಆ ಕಡೆ ಹೋದ್ರೆ ಹೆಸರಿನ ಚೀಟಿಗಳನ್ನ ಓದಿ, ಬಹಳಷ್ಟು ಸ್ವೀಡಿಷ್ ಪದಗಳೇ. ಅಲ್ಲಿನ ಪುಟ್ಟ ಮೇಜಿನ ಹೆಸರು 'ಲಕ್', 'ಲ್ಯಾಕ್' ಅಲ್ಲ.

ಹೋಮ್‌ವರ್ಕ್: ಫಾತ್-ಫಾಟ್, ತಕ್-ತಾಕ್ ಹತ್ತು ಸಲ ಹೇಳಿ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.