ಲಾರಿಯ ಟ್ಯಾಂಕಿಗೆ ಹೊಂಗೆ ಎಣ್ಣೆ

ವಾಡಿ, ಸೇಡಂ ಕಡೆಯಿಂದ ಸಿಮೆಂಟ್ ಹೇರಿಕೊಂಡು ಹೊರಟ ಲಾರಿಗಳನ್ನು ನೀವು ದಿನಾ ನೋಡುತ್ತೀರಿ. ಶಹಾಬಾದಿನ ಫರ್ಸಿ, ಚಿಂಚೋಳಿ, ಚಿತ್ತಾಪುರದ ತೊಗರಿ, ಎಲ್ಲವೂ ಊರು ದಾಟುವುದು ಡೀಸೆಲ್ ಮೇಲೆಯೇ. ಲಾರಿ ದಿಬ್ಬ ಏರುವಾಗ ಕರಿಹೊಗೆ ಉಗುಳುತ್ತದಲ್ಲ, ಅದು ಪೂರ್ತಿ ಉರಿಯದೆ ಉಳಿದ ಇಂಗಾಲದ ಮಸಿ. ಆ ಮಸಿಯನ್ನು ಕಡಿಮೆ ಮಾಡಬಲ್ಲ ಎಣ್ಣೆ ರಸ್ತೆ ಬದಿಯ ಹೊಂಗೆ ಗಿಡದಲ್ಲೇ ಇದೆ. ನಿಮ್ಮ ಅಜ್ಜಿ ಆ ಗಿಡವನ್ನು ಹುಲಗಲ ಎನ್ನಬಹುದು.

ಒಣಗಿ ಬಿದ್ದ ಒಂದು ಕಾಯಿ ಆರಿಸಿ ತನ್ನಿ. ಚಪ್ಪಟೆಯಾಗಿ, ಗಟ್ಟಿಯಾಗಿ, ತುದಿಯಲ್ಲಿ ಪುಟ್ಟ ಕೊಕ್ಕಿನ ಹಾಗೆ ಇರುತ್ತದೆ. ಒಡೆದರೆ ಹೆಚ್ಚಾಗಿ ಒಂದೇ ಬೀಜ. ಅದನ್ನು ಜಜ್ಜಿ ಬಿಳಿ ಕಾಗದದ ನಡುವೆ ಇಟ್ಟು ಒತ್ತಿ, ಕಾಗದವನ್ನು ಬೆಳಕಿಗೆ ಹಿಡಿಯಿರಿ. ಎಣ್ಣೆ ಇಳಿದ ಜಾಗ ಮಿಣುಗುತ್ತದೆ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಎಣ್ಣೆಯೇ. ಅದು ಬಲು ಕಹಿ, ತಿನ್ನುವಂಥದ್ದಲ್ಲ. ಬಾಯಿಗೆ ಹಾಕಬೇಡಿ, ಕೈ ತೊಳೆದುಕೊಳ್ಳಿ. ಹಿಂದೆ ಈ ಎಣ್ಣೆಯಿಂದ ದೀಪ ಉರಿಸುತ್ತಿದ್ದರು.

ಹಾಗಾದರೆ ಇದನ್ನೇ ನೇರವಾಗಿ ಟ್ಯಾಂಕಿಗೆ ಸುರಿದರೆ? 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನು ಶೇಂಗಾ ಎಣ್ಣೆಯಲ್ಲೇ ಓಡಿತ್ತು. ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ನಡೆಸಿ, ರೈತರ ಪಂಪುಗಳಿಗೆ ಕರೆಂಟು ಕೊಟ್ಟರು. ನಿಂತಲ್ಲೇ ನಿಧಾನವಾಗಿ ಓಡುವ ಎಂಜಿನ್ನಿಗೆ ಅದು ನಡೆಯುತ್ತದೆ. ಈಗಿನ ಲಾರಿಯ ಇಂಜೆಕ್ಟರಿನ ತೂತು ಕೂದಲೆಳೆಯಷ್ಟು ಸಣ್ಣದು. ಮಂದವಾದ ಎಣ್ಣೆ ಅಲ್ಲಿ ಸರಿಯಾಗಿ ಸಿಂಪಡಣೆಯಾಗದೆ, ಅರೆಬರೆ ಉರಿದು ಕರಕು ಕಟ್ಟುತ್ತದೆ.

ಎಣ್ಣೆಯನ್ನು ತೆಳ್ಳಗೆ ಮಾಡಲು ರಸಾಯನಶಾಸ್ತ್ರ ಬೇಕು. ಎಣ್ಣೆಯ ಪ್ರತಿ ಅಣುವಿನಲ್ಲೂ ಒಂದು ಗ್ಲಿಸರಾಲಿಗೆ ಮೂರು ಕೊಬ್ಬಿನ ಆಮ್ಲಗಳು ಅಂಟಿಕೊಂಡಿರುತ್ತವೆ. ವಾಡಿ ಜಂಕ್ಷನ್ನಿನಲ್ಲಿ ಬೋಗಿ ಕಳಚಿ ಬೇರೆ ಎಂಜಿನ್ನಿಗೆ ಕಟ್ಟುವ ಹಾಗೆ, ಮೆಥನಾಲ್ ಎಂಬ ಮದ್ಯಸಾರ ಬಂದು ಮೂರನ್ನೂ ಬಿಡಿಸಿ ತನಗೆ ಜೋಡಿಸಿಕೊಳ್ಳುತ್ತದೆ. ಹೀಗೆ ಜೋಡಿಯಾದ ತೆಳು ಎಣ್ಣೆಯೇ ಜೈವಿಕ ಡೀಸೆಲ್. ಈ ಕೆಲಸ ಬೇಗ ಮುಗಿಯಲು ತುಸು ಕ್ಷಾರ ಹಾಕುತ್ತಾರೆ. ಆಮೇಲೆ ಸುಮ್ಮನೆ ಬಿಟ್ಟರೆ ಕಡುಕಂದು ಗ್ಲಿಸರಾಲ್ ತಳಕ್ಕೆ ಇಳಿಯುತ್ತದೆ, ಹೊಂಬಣ್ಣದ ಜೈವಿಕ ಡೀಸೆಲ್ ಮೇಲೆ ನಿಲ್ಲುತ್ತದೆ. ಎರಡು ಪದರದ ನಡುವೆ ಗೆರೆ ಎಳೆದಷ್ಟು ಸ್ಪಷ್ಟ! ಮೆಥನಾಲ್ ಕಣ್ಣು ಕಳೆಯುವ ವಿಷ, ಬೇಗ ಬೆಂಕಿ ಹತ್ತುವಂಥದ್ದು. ಹಾಗಾಗಿ ಮನೆಯಲ್ಲಿ ಈ ಪ್ರಯೋಗ ಬೇಡವೇ ಬೇಡ. ಹಾಸನದ ಹತ್ತಿರ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವಿದೆ, ಶಾಲೆಯವರು ಕರೆದೊಯ್ದರೆ ನೋಡಿ ಬನ್ನಿ.

ಈಗ ಬೆರಕೆಯ ಮಾತು. ನೂರು ಲೀಟರಿನಲ್ಲಿ 20 ಲೀಟರ್ ಜೈವಿಕ ಡೀಸೆಲ್ ಇದ್ದರೆ ಅದು ಬಿ20. ಜೈವಿಕ ಡೀಸೆಲ್ಲೇ ತುಸು ಭಾರ, ಆದ್ದರಿಂದ ಅದನ್ನು ಸಾದಾ ಡೀಸೆಲ್ ಮೇಲೆ ಸುರಿಯುತ್ತಾರೆ, ಇಳಿಯುತ್ತ ತಾನೇ ಬೆರೆಯಲಿ ಎಂದು. ಜೈವಿಕ ಡೀಸೆಲ್ಲಿನ ತೂಕದಲ್ಲಿ ನೂರಕ್ಕೆ ಸುಮಾರು 11 ಪಾಲು ಆಮ್ಲಜನಕ. ಉರಿಯಲು ಬೇಕಾದ ಆಮ್ಲಜನಕದಲ್ಲಿ ಒಂದಿಷ್ಟನ್ನು ತಾನೇ ಹೊತ್ತು ಬರುವುದರಿಂದ ಮಸಿ ಕಡಿಮೆ. ನನಗೆ ಇನ್ನೂ ಸೊಗಸೆನಿಸುವುದು ಅದರ ಜಿಡ್ಡಿನ ಗುಣ. 2020ರ ಏಪ್ರಿಲ್‌ನಿಂದ ನಮ್ಮ ಡೀಸೆಲ್ಲಿನ ಗಂಧಕವನ್ನು ಹತ್ತು ಲಕ್ಷಕ್ಕೆ 10 ಪಾಲಿಗೆ ಇಳಿಸಿದ್ದಾರೆ. ಗಾಳಿಗೆ ಅದು ಒಳ್ಳೆಯದೇ. ಆದರೆ ಗಂಧಕ ತೆಗೆಯುವಾಗ ಪಂಪಿನ ಭಾಗಗಳು ಸವೆಯದಂತೆ ಕಾಯುವ ಜಾರುಗುಣವೂ ಹೋಗುತ್ತದೆ. ನೂರಕ್ಕೆ ಒಂದೆರಡು ಲೀಟರ್ ಜೈವಿಕ ಡೀಸೆಲ್ ಸೇರಿಸಿದರೆ ಸಾಕು, ಆ ಗುಣ ಮರಳುತ್ತದೆ.

ಕುಂದುಗಳೂ ಇವೆ. ಚಳಿಗೆ ಮೇಣದ ಹಾಗೆ ಹೆಪ್ಪುಗಟ್ಟಬಹುದು. ಬಹಳ ದಿನ ಇಟ್ಟರೆ ಗಾಳಿ ತಾಗಿ ಅಂಟಾಗುತ್ತದೆ. ಹಳೆಯ ಟ್ಯಾಂಕಿನ ಕೊಳೆ ಬಿಡಿಸಿ ಫಿಲ್ಟರು ಕಟ್ಟಿಸುತ್ತದೆ. ಇಲ್ಲಿಯೇ ಸೇರ್ಪಡೆ ರಾಸಾಯನಿಕಗಳ ಕೆಲಸ. ಒಂದು ಹೆಪ್ಪುಗಟ್ಟುವುದನ್ನು ತಡೆದರೆ, ಇನ್ನೊಂದು ಗಾಳಿಗೆ ಕೆಡದಂತೆ ನೋಡಿಕೊಳ್ಳುತ್ತದೆ, ಮತ್ತೊಂದು ಬೇಗ ಹೊತ್ತಿಕೊಳ್ಳಲು ನೆರವಾಗುತ್ತದೆ. ಎಲ್ಲವೂ ಅತಿ ಸ್ವಲ್ಪ, ಅಳೆದು ಹಾಕಬೇಕು. ಮೈಲೇಜು ದುಪ್ಪಟ್ಟು ಮಾಡುವ ಬಾಟಲಿ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

2030ಕ್ಕೆ ಡೀಸೆಲ್ಲಿನಲ್ಲಿ ನೂರಕ್ಕೆ 5 ಪಾಲು ಜೈವಿಕ ಡೀಸೆಲ್ ಇರಬೇಕೆಂದು 2018ರ ರಾಷ್ಟ್ರೀಯ ನೀತಿ ಗುರಿ ಇಟ್ಟಿದೆ. ಅಷ್ಟು ಎಣ್ಣೆ ಎಲ್ಲಿಂದ? ಹೊಂಗೆ ಸಸಿ ನೆಟ್ಟರೆ ಕಾಯಿ ಬಿಡಲು ವರ್ಷಗಳೇ ಬೇಕು. ಆದರೆ ಮಿರ್ಚಿ ಭಜಿ ಕರಿದು ಕರಿದು ಕಪ್ಪಾದ ಎಣ್ಣೆ ಪ್ರತಿ ಸಂಜೆ ಸಿಗುತ್ತದೆ. ಅದನ್ನು ಮತ್ತೆ ಮತ್ತೆ ಕಾಯಿಸಿ ತಿನ್ನುವುದು ಒಳ್ಳೆಯದಲ್ಲ, ಚರಂಡಿಗೆ ಚೆಲ್ಲಿದರೆ ಚರಂಡಿ ಕಟ್ಟುತ್ತದೆ. ಸೋಸಿ, ನೀರಿನಂಶ ತೆಗೆದು, ಇದೇ ಮೆಥನಾಲ್ ದಾರಿಯಲ್ಲಿ ಅದನ್ನೂ ಜೈವಿಕ ಡೀಸೆಲ್ ಮಾಡಬಹುದು. ಇದಕ್ಕಾಗಿ ಬಳಸಿದ ಎಣ್ಣೆಯನ್ನು ಕೂಡಿಸುವ ಕೆಲಸವನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಶುರುಮಾಡಿದೆ.