ಕೊಡಚಾದ್ರಿಯ ಕಾಲುದಾರಿ



ಹೊಸನಗರ ತಾಲ್ಲೂಕಿನ ಕೊಡಚಾದ್ರಿಯ ಎತ್ತರ ಸಮುದ್ರಮಟ್ಟದಿಂದ ೧,೩೪೩ ಮೀಟರ್. ಹಿಡ್ಲುಮನೆ ಜಲಪಾತದ ಮಗ್ಗುಲಿನಿಂದ ಈ ಬೆಟ್ಟವನ್ನೇರುವ ಚಾರಣಿಗನಿಗೆ ಒಂದೇ ಹಾದಿಯಲ್ಲಿ ಮೂರು ಸಸ್ಯಲೋಕಗಳ ದರ್ಶನವಾಗುತ್ತದೆ.

ಮೊದಲನೆಯದು ನಿತ್ಯಹರಿದ್ವರ್ಣದ ಕಾಡು. ಇಲ್ಲಿ ಮಳೆಹನಿ ನೇರವಾಗಿ ನೆಲಕ್ಕೆ ಅಪ್ಪಳಿಸುವುದಿಲ್ಲ. ಎಲೆಯಿಂದ ಎಲೆಗೆ ಇಳಿದು ದರಕಿನ ಮೇಲೆ ಬೀಳುತ್ತದೆ. ದರಕು ಕೊಳೆತು ಸಡಿಲಗೊಂಡ ಮಣ್ಣು ಆ ನೀರನ್ನು ಹೀರಿಕೊಳ್ಳುತ್ತದೆ. ಅಡಿಕೆ ತೋಟಕ್ಕೆ ದರಕು ಹಾಸುವ ಮಲೆನಾಡಿನ ರೈತನಿಗೆ ಈ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಜಲಪಾತದ ತುಂತುರು ಸದಾ ತೋಯಿಸುವ ಬಂಡೆ. ಹಾವಸೆಗೆ ನಿಜವಾದ ಬೇರಿಲ್ಲ; ಅದು ಮೈಯಿಂದಲೇ ನೀರು ಕುಡಿಯುತ್ತದೆ. ಆ ಹಸಿರು ಹಾಸಿನಲ್ಲಿ ಜರಿಗಿಡಗಳೂ ಕಾಡು ಕರ್ಣಕುಂಡಲಗಳೂ ನೆಲೆಯೂರುತ್ತವೆ. ಬಂಡೆಯೇರುವವನ ಪಾದದಡಿ ಹಾವಸೆ ಕಿತ್ತುಬಂದರೆ ಅದನ್ನು ನೆಚ್ಚಿದ ಗಿಡಗಳೂ ನೆಲೆ ಕಳೆದುಕೊಳ್ಳುತ್ತವೆ.

ಮೂರನೆಯದು ಮೇಲಣ ಹುಲ್ಲುಗಾವಲು ಮತ್ತು ಕಣಿವೆಯ ಮಡಿಲಲ್ಲಿ ಅಡಗಿದ ಶೋಲಾ ಕಾಡು. ಪಶ್ಚಿಮಘಟ್ಟದ ಇಂತಹ ಒದ್ದೆ ಹುಲ್ಲುನೆಲಗಳಲ್ಲಿ ಡ್ರಾಸೆರಾ ಎಂಬ ಪುಟ್ಟ ಸಸ್ಯ ಬೆಳೆಯುತ್ತದೆ. ಮಣ್ಣಿನಲ್ಲಿ ಸಾರಜನಕದ ಕೊರತೆಯಿರುವುದರಿಂದ ಅದು ಎಲೆಯ ಅಂಟುಹನಿಗಳಲ್ಲಿ ಕೀಟಗಳನ್ನು ಹಿಡಿದು ಪೋಷಣೆ ಪಡೆಯುತ್ತದೆ. ಕಾಸಿನಗಲದ ಈ ಗಿಡ ಅವಸರದ ಕಣ್ಣಿಗೆ ಬೀಳುವುದಿಲ್ಲ. ಅವಸರದ ಕಾಲಿಗೆ ಮಾತ್ರ ಸಿಕ್ಕುತ್ತದೆ.

ಅಪಾಯವಿರುವುದು ಅಡ್ಡದಾರಿಯಲ್ಲಿ. ತಿರುವನ್ನು ಬಿಟ್ಟು ನೇರ ಏರಿದ ಕಾಲುಗಳು ಹುಲ್ಲನ್ನು ಸಾಯಿಸುತ್ತವೆ, ಮಣ್ಣನ್ನು ಗಟ್ಟಿಗೊಳಿಸುತ್ತವೆ. ಮಳೆಗಾಲದಲ್ಲಿ ಆ ಗೆರೆಯೇ ಕೊರಕಲಾಗುತ್ತದೆ. ಇಂಗಬೇಕಾದ ನೀರು ಮಣ್ಣನ್ನು ಹೊತ್ತು ಓಡುತ್ತದೆ. ಬೇಸಿಗೆಯಲ್ಲಿ ಜರಿಗಳು ಸೊರಗುತ್ತವೆ. ಕೊಡಚಾದ್ರಿಯಲ್ಲಿ ಹುಟ್ಟುವ ಸೌಪರ್ಣಿಕೆ ಕೊಲ್ಲೂರನ್ನು ಹಾದು ಅರಬ್ಬೀ ಸಮುದ್ರ ಸೇರುತ್ತಾಳೆ. ಆದ್ದರಿಂದ ನೆತ್ತಿಯ ಮಣ್ಣಿಗಾದ ಗಾಯ ಕರಾವಳಿಯ ಗದ್ದೆಗೂ ಸಂಬಂಧಿಸಿದ್ದು.

೨೦೨೪ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜನಜಂಗುಳಿ ನೆರೆದಾಗ ಸರಕಾರವು ಆನ್‌ಲೈನ್ ಬುಕಿಂಗ್ ವ್ಯವಸ್ಥೆಯಿಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ತಡೆಯಿತು. ಸಂಖ್ಯೆಗೆ ಮಿತಿ ಬೇಕು, ನಿಜ. ಆದರೆ ಅಷ್ಟೇ ಸಾಲದು. ಊರಿನವರು ಹಳೆಯ ಹಾದಿಯನ್ನೇ ಉಳಿಸಿ, ಅಡ್ಡದಾರಿಯನ್ನು ಒಣಕೊಂಬೆಗಳಿಂದ ಮುಚ್ಚಲಿ. ವಿದ್ಯಾರ್ಥಿಗಳು ಯಾವ ಗಿಡ ಯಾವ ತಿಂಗಳು ಹೂಬಿಟ್ಟಿತೆಂದು ಪ್ರತಿವರ್ಷವೂ ಬರೆದಿಡಲಿ. ಹೆಸರು ತಿಳಿದ ಗಿಡವನ್ನು ತುಳಿಯಲು ಮನಸ್ಸು ಹಿಂಜರಿಯುತ್ತದೆ. ಬೆಟ್ಟದ ರಕ್ಷಣೆ ಆ ಹಿಂಜರಿಕೆಯಿಂದಲೇ ಆರಂಭವಾಗಲಿ.