ಐದು ಪದರ ಬೆಳ್ಳಿ

(ಸುವರ್ಣ ಮಹೋತ್ಸವದ ಹಳೆವಿದ್ಯಾರ್ಥಿ ಸಮಾವೇಶದಲ್ಲಿ ಆಡಿದ ಮಾತು)



ಈ ಶಾಲೆಯಿಂದ ಹೊರಟು ಪಿಯುಸಿ ಸೇರಿದ ವರ್ಷ ನಾನು ಭೌತಶಾಸ್ತ್ರದಲ್ಲಿ ನಪಾಸಾದೆ. ಇಂಗ್ಲಿಷಿನ ಪಾಠ ತಲೆಗೆ ಹೋಗಲಿಲ್ಲ. ಆಮೇಲೆ ಅದೇ ವಿಷಯವನ್ನು ಕೊಣಾಜೆಯಲ್ಲಿ ಎಂ.ಎಸ್ಸಿ.ವರೆಗೆ ಓದಿದೆ. ಈಗ ಕಷ್ಟ ಉಲ್ಟಾ ಆಗಿದೆ, ಕನ್ನಡದಲ್ಲಿ ಹೇಳಲು ತಡವರಿಸುತ್ತೇನೆ. ಇವತ್ತು ಹೇಳಿ ನೋಡುತ್ತೇನೆ.

ನಮ್ಮ ಅಪ್ಪ ರಥಬೀದಿಯಲ್ಲಿ ಚಿನ್ನದ ಕೆಲಸ ಮಾಡುತ್ತಿದ್ದರು. ತಗಡು ತೆಳುವಾದಷ್ಟೂ ಬೇಗ ಹಾಳು ಎನ್ನುವುದು ಅವರ ಅನುಭವ. ಕಣ್ಣಿಗೆ ಕಾಣುವ ತಗಡಿಗೆ ಆ ಮಾತು ಸರಿ. ಬಡಿದು ಮಾಡಿದ ಚಿನ್ನದ ರೇಕು ಕೂಡ ಪರಮಾಣುಗಳ ಲೆಕ್ಕದಲ್ಲಿ ನೂರಾರು ಪದರ ದಪ್ಪ. ಐದಾರು ಪದರಕ್ಕೆ ಇಳಿದರೆ ಮಾತ್ರ ಲೆಕ್ಕ ಬೇರೆ.

ಕಾರಣ ಎಲೆಕ್ಟ್ರಾನು. ಲೋಹದೊಳಗೆ ಅದು ಅಲೆಯ ಹಾಗೆ ನಡೆದುಕೊಳ್ಳುತ್ತದೆ. ಎರಡೂ ತುದಿ ಬಿಗಿದ ತಂಬೂರಿಯ ತಂತಿಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ಎಲ್ಲ ಅಲೆಯೂ ನಿಲ್ಲುವುದಿಲ್ಲ, ಉದ್ದಕ್ಕೆ ಸರಿಯಾಗಿ ಕೂತದ್ದು ಮಾತ್ರ ನಿಲ್ಲುತ್ತದೆ. ತೆಳು ಪೊರೆಯಲ್ಲೂ ಮೇಲಿನ ಮೈ, ತಳದ ಮೈ ಇವೆರಡರ ನಡುವೆ ಎಲೆಕ್ಟ್ರಾನು ಸಿಕ್ಕಿಕೊಂಡಿರುತ್ತದೆ. ಒಂದು ಪದರ ಸೇರಿದರೆ ತಂತಿ ಉದ್ದವಾದಂತೆ. ಕೂರುವ ಅಲೆಗಳು ಬದಲಾಗುತ್ತವೆ, ಅವುಗಳ ಒಟ್ಟು ಶಕ್ತಿ ಏರಿಳಿಯುತ್ತದೆ. ಶಕ್ತಿ ಕಡಿಮೆ ಇರುವ ದಪ್ಪ ಗಟ್ಟಿಯಾಗಿ ನಿಲ್ಲುತ್ತದೆ. ಸೀಸದ ಪೊರೆಯಲ್ಲಿ ಈ ಏರಿಳಿತ ಹೆಚ್ಚುಕಡಿಮೆ ಎರಡು ಪದರಕ್ಕೊಮ್ಮೆ ಬರುತ್ತದೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಟಿ.ಸಿ. ಚಿಯಾಂಗ್ ಮತ್ತು ಸಂಗಡಿಗರು 2001ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಬ್ಬಿಣದ ಹರಳಿನ ಮೇಲೆ 1ರಿಂದ 15 ಪದರದವರೆಗೆ ಬೆಳ್ಳಿ ಕೂರಿಸಿ ಕಾಯಿಸಿದ್ದರು. ಹೆಚ್ಚಿನವು ಸುಮಾರು 125 ಡಿಗ್ರಿ ಸೆಲ್ಸಿಯಸ್‌ಗೇ ಕೆಟ್ಟವು. ಒಂದು ಕಡೆ ಒಂದು ಪದರ ಹೆಚ್ಚು, ಪಕ್ಕದಲ್ಲಿ ಒಂದು ಪದರ ಕಡಿಮೆ. 1, 2 ಮತ್ತು 5 ಪದರದವು 525 ಡಿಗ್ರಿ ದಾಟಿದರೂ ಅಲುಗಲಿಲ್ಲ. ಆರು ಪದರ ಐದಕ್ಕಿಂತ ದಪ್ಪ, ಆದರೂ ಮೊದಲು ಸೋತದ್ದು ಆರೇ! ಐದು ಪದರವೆಂದರೆ ಎಷ್ಟು? ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು, ಅಷ್ಟೇ.

ಇದನ್ನು ಅಪ್ಪನಿಗೆ ಹೇಳಲು ಒಮ್ಮೆ ಹೊರಟಿದ್ದೆ. ‘ಕ್ವಾಂಟಂ’ ಎಂದು ಶುರುಮಾಡಿದೆ. ಅವರು ತಲೆಯಾಡಿಸಿ ಕೆಲಸಕ್ಕೆ ಎದ್ದರು. ತಪ್ಪು ನನ್ನದು, ತಂತಿಯ ಮಾತು ಆಗ ಹೊಳೆಯಲಿಲ್ಲ. ಹೊಳೆದಾಗ ಅವರಿರಲಿಲ್ಲ.

ಎಂಟನೆಯ ತರಗತಿಯ ಮಕ್ಕಳೇ, ಅರ್ಥವಾಗದವರು ಊಟ ಮುಗಿಸಿ ಆ ಗೋಳಿಮರದ ಹತ್ತಿರ ಬನ್ನಿ. ನನ್ನ ಚೀಲದಲ್ಲಿ ಒಂದು ಬಾವಿಹಗ್ಗ ಇದೆ. ಒಂದು ತುದಿ ನೀವು ಹಿಡಿಯಿರಿ.